ತಾಮ್ರಪಟದ ತೂಕ ಎಷ್ಟು? ಪೌಂಡು, ತೊಲೆ, ಗ್ರಾಂಗಳ ಲೆಕ್ಕ

ತಾಮ್ರಶಾಸನದ ಯಾವುದೇ ಹಳೆಯ ಸಂಪಾದನೆಯನ್ನು ತೆಗೆದು ನೋಡಿ. ಪಾಠ ಶುರುವಾಗುವ ಮೊದಲು ಒಂದು ಪ್ಯಾರಾ ಇರುತ್ತದೆ. ತಗಡುಗಳು ಎಷ್ಟು, ಉದ್ದಗಲ ಎಷ್ಟು, ಬಳೆಯನ್ನು ಮೊದಲೇ ಕತ್ತರಿಸಿದ್ದರೇ, ಮುದ್ರೆಯಲ್ಲಿರುವುದು ವರಾಹವೋ ಆನೆಯೋ, ಕೊನೆಗೆ ಒಟ್ಟು ತೂಕ ಎಷ್ಟು. ಬಹಳ ಮಂದಿ ಈ ಪ್ಯಾರಾ ಹಾರಿಸಿ ನೇರ ‘ಸ್ವಸ್ತಿ’ಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ರಾಜನ ಹೆಸರು, ಶಕವರ್ಷ, ದತ್ತಿಯ ಊರು ಎಲ್ಲ ಇರುವುದು ಅಲ್ಲಿಂದ ಮುಂದೆಯೇ. ಆದರೆ ನನಗೆ ಆ ತೂಕದ ಸಾಲನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ಆ ಒಂದು ಸಾಲು ಮೂರು ಭಾಷೆಗಳಲ್ಲಿ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಸಂಪಾದಕರು, ಮುಖ್ಯವಾಗಿ ಫ್ಲೀಟ್, ಪೌಂಡು ಔನ್ಸುಗಳಲ್ಲಿ ಬರೆದರು. ‘ಎಪಿಗ್ರಾಫಿಯಾ ಇಂಡಿಕಾ’ದ ಅನೇಕ ಲೇಖನಗಳು ತೊಲೆಯಲ್ಲಿ ಕೊಟ್ಟವು. ದೇಶ ಮೆಟ್ರಿಕ್ ಪದ್ಧತಿಗೆ ಬಂದ ಮೇಲೆ ಗ್ರಾಂ, ಕಿಲೋಗ್ರಾಂ ಬಂದವು. ಒಂದೇ ತಾಮ್ರಪಟದ ಬಗ್ಗೆ ಮೂರು ತಲೆಮಾರಿನವರು ಬರೆದಿದ್ದರೆ ಮೂರು ಬೇರೆ ಬೇರೆ ಅಂಕೆಗಳು ಸಿಗುವುದು ಸಹಜ. ಅವು ಒಂದೇ ತೂಕವೋ, ನಡುವೆ ಏನಾದರೂ ಕಳೆದುಹೋಗಿದೆಯೋ ಎನ್ನುವುದು ಪ್ರಶ್ನೆ.

ಇದು ಬರೀ ಲೆಕ್ಕದ ಚಟವಲ್ಲ. ತಾಮ್ರಪಟಗಳು ಮನೆಯಿಂದ ಮನೆಗೆ, ಮಠದಿಂದ ಕಚೇರಿಗೆ, ಕಚೇರಿಯಿಂದ ವಸ್ತುಸಂಗ್ರಹಾಲಯಕ್ಕೆ ಓಡಾಡಿದ ವಸ್ತುಗಳು. ಮಸಿ ಅಚ್ಚು ತೆಗೆಯಲು ಬಳೆಯನ್ನು ಕತ್ತರಿಸಿದ ಮೇಲೆ ತಗಡುಗಳು ಬಿಡಿ ಬಿಡಿಯಾಗುತ್ತವೆ. ಒಂದು ತಗಡು ಒಂದು ಕಡೆ, ಮುದ್ರೆ ಇನ್ನೊಂದು ಕಡೆ ಆಗಬಹುದು. ಒಂದೇ ವಂಶದ ಎರಡು ಶಾಸನಗಳ ಉದ್ದಗಲ ಹೆಚ್ಚುಕಡಿಮೆ ಒಂದೇ ಇರುವುದುಂಟು. ತೂಕ ಮಾತ್ರ ಅಷ್ಟು ಸುಲಭವಾಗಿ ಹೊಂದಿಕೆಯಾಗುವುದಿಲ್ಲ. ಕಿಲುಬು ತೆಗೆದು ಸ್ವಚ್ಛ ಮಾಡಿದರೆ ಸ್ವಲ್ಪ ಇಳಿಯುತ್ತದೆ, ಅದು ಸರಿ. ನೂರಿನ್ನೂರು ಗ್ರಾಂ ಇಳಿದರೆ ಮಾತ್ರ ಬಳೆ ಎಲ್ಲಿ, ಮುದ್ರೆ ಎಲ್ಲಿ ಅಂತ ಕೇಳಲೇಬೇಕು. ಆ ಪ್ರಶ್ನೆ ಕೇಳುವ ಮೊದಲು ನಮ್ಮ ಪರಿವರ್ತನೆ ಸರಿಯಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಳೆದೇ ಹೋಗದ ಮುದ್ರೆಯನ್ನು ಹುಡುಕುತ್ತಾ ಕೂರುತ್ತೇವೆ. ಅಥವಾ ನಿಜವಾಗಿ ಕಳೆದದ್ದು ಯಾರ ಗಮನಕ್ಕೂ ಬರದೆ ಹೋಗುತ್ತದೆ.

ಎಲ್ಲಕ್ಕೂ ಮೂಲ ಒಂದು ಕಾಳು

ಪೌಂಡು, ತೊಲೆ, ಔನ್ಸು ಎಲ್ಲದರ ತಳದಲ್ಲಿ ಇರುವುದು ಗ್ರೇನ್, ಅಂದರೆ ಕಾಳು. ಇಂಗ್ಲೆಂಡಿನ ಎರಡು ತೂಕದ ಪದ್ಧತಿಗಳಿಗೂ ಈ ಕಾಳು ಒಂದೇ. ಸಂತೆಯ ಸರಕಿಗೆ ಬಳಸುವ ಆವರ್ಡುಪಾಯ್ಸ್ ಪೌಂಡಿಗೆ 7000 ಗ್ರೇನ್, ಅದರಲ್ಲಿ 16 ಔನ್ಸು. ಚಿನ್ನ ಬೆಳ್ಳಿಗೆ ಬಳಸುವ ಟ್ರಾಯ್ ಪೌಂಡಿಗೆ 5760 ಗ್ರೇನ್, ಅದರಲ್ಲಿ 12 ಔನ್ಸು. ಹಾಗಾಗಿ ಔನ್ಸು ಅಂದರೆ ಎರಡು ತೂಕ: ಸರಕಿನ ಔನ್ಸು 437.5 ಗ್ರೇನ್, ಚಿನ್ನದ ಔನ್ಸು 480 ಗ್ರೇನ್. ತಮಾಷೆ ನೋಡಿ, ಟ್ರಾಯ್ ಪೌಂಡು ಸರಕಿನ ಪೌಂಡಿಗಿಂತ ಹಗುರ, ಟ್ರಾಯ್ ಔನ್ಸು ಮಾತ್ರ ಸರಕಿನ ಔನ್ಸಿಗಿಂತ ಭಾರ.

1959ರಲ್ಲಿ ಇಂಗ್ಲಿಷ್ ಮಾತಾಡುವ ಆರು ದೇಶಗಳು ಸೇರಿ ಪೌಂಡನ್ನು 0.45359237 ಕಿಲೋಗ್ರಾಂ ಎಂದು ನಿಗದಿ ಮಾಡಿದವು. ಇದನ್ನು 7000ದಿಂದ ಭಾಗಿಸಿದರೆ ಒಂದು ಗ್ರೇನ್ 64.79891 ಮಿಲಿಗ್ರಾಂ. ಇದು ಅಂದಾಜಲ್ಲ, ವ್ಯಾಖ್ಯೆ. ಸರಕಿನ ಔನ್ಸು 28.35 ಗ್ರಾಂ, ಚಿನ್ನದ ಔನ್ಸು 31.10 ಗ್ರಾಂ.

ಪ್ರಿನ್ಸೆಪ್ ಮತ್ತು ತೊಲೆ

ತೊಲೆ ನಮ್ಮದೇ ಹಳೆಯ ಮಾತು, ‘ತುಲಾ’ದ ನೆಂಟ. ಆದರೆ ನಮ್ಮ ವರದಿಗಳಲ್ಲಿರುವ ತೊಲೆಯ ತೂಕ ಹಳೆಯದಲ್ಲ. ಅದು 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಾಯಿದೆ ಮಾಡಿ ಕಟ್ಟಿಟ್ಟ ತೂಕ: 180 ಗ್ರೇನ್. ಅದಕ್ಕೂ ಮುಂಚೆ ಒಂದೊಂದು ಪ್ರಾಂತ್ಯದ ರೂಪಾಯಿ ಒಂದೊಂದು ತೂಕ. ಮದರಾಸಿನ ರೂಪಾಯಿ 180 ಗ್ರೇನ್ ಇದ್ದಾಗ ಕಲ್ಕತ್ತೆಯ ಸಿಕ್ಕಾ ರೂಪಾಯಿ ಸುಮಾರು 192 ಗ್ರೇನ್ ಇತ್ತು. 1835ರಲ್ಲಿ ಬಂದ ಕಂಪನಿ ರೂಪಾಯಿಯೂ ಸರಿಯಾಗಿ 180 ಗ್ರೇನ್. ನಮ್ಮ ಅಜ್ಜಂದಿರು ತೊಲೆಗೆ ‘ರೂಪಾಯಿ ತೂಕ’ ಅನ್ನುತ್ತಿದ್ದುದು ಇದಕ್ಕೇ. ತಕ್ಕಡಿಯಲ್ಲಿ ಬೊಟ್ಟು ಇಲ್ಲದಿದ್ದರೆ ರೂಪಾಯಿ ಇಟ್ಟರೆ ಸಾಕಾಗಿತ್ತು.

ಈ ಸುಧಾರಣೆಯಲ್ಲಿ ಕೈಯಿದ್ದವರು ಜೇಮ್ಸ್ ಪ್ರಿನ್ಸೆಪ್, ಕಲ್ಕತ್ತೆ ಟಂಕಸಾಲೆಯಲ್ಲಿ ಲೋಹಪರೀಕ್ಷೆಯ ಅಧಿಕಾರಿ. 1834ರಲ್ಲಿ ನಾಣ್ಯ, ತೂಕ, ಅಳತೆಗಳ ಕೋಷ್ಟಕಗಳನ್ನು ‘ಯೂಸ್‌ಫುಲ್ ಟೇಬಲ್ಸ್’ ಎಂದು ಪ್ರಕಟಿಸಿದವರೂ ಅವರೇ. ಮೂರು ವರ್ಷ ಬಿಟ್ಟು ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಅಶೋಕನ ಶಾಸನಗಳಿಗೆ ಬಾಯಿ ಕೊಟ್ಟವರೂ ಅವರೇ. ಶಾಸನ ಓದುವ ನಮಗೆಲ್ಲ ಪ್ರಿನ್ಸೆಪ್ ಅಂದರೆ ಬ್ರಾಹ್ಮಿ. ಶಾಸನ ತೂಗುವ ತೊಲೆಯೂ ಅದೇ ಮೇಜಿನಿಂದ ಬಂದದ್ದು ಅಂತ ನೆನಪಿಸಿಕೊಳ್ಳುವವರು ಕಡಿಮೆ.

ಆ ಕೋಷ್ಟಕ ಹೀಗಿದೆ. 80 ತೊಲೆ ಒಂದು ಸೇರು. 40 ಸೇರು ಒಂದು ಮಣ. ಅಂದರೆ ಮಣಕ್ಕೆ 5,76,000 ಗ್ರೇನ್, ಸರಿಯಾಗಿ 100 ಟ್ರಾಯ್ ಪೌಂಡು. ಸರಕಿನ ಪೌಂಡಿನಲ್ಲಿ 82 ಮತ್ತು ಏಳರಲ್ಲಿ ಎರಡು ಭಾಗ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದಾಗ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾದಾಗ, ಇದೇ ತೊಲೆ ಮೆಟ್ರಿಕ್‌ಗೆ ತಿರುಗಿತು: ತೊಲೆ 11.6638 ಗ್ರಾಂ, ಸೇರು 933.10 ಗ್ರಾಂ, ಮಣ 37.3242 ಕಿಲೋ.

ಒಂದು ಲೆಕ್ಕ ಮಾಡಿ ನೋಡೋಣ

ಉದಾಹರಣೆಗೆ ಅಂತಲೇ ಒಂದು ತೂಕ ಇಟ್ಟುಕೊಳ್ಳೋಣ. ಯಾವುದೋ ತಾಮ್ರಪಟ, ಬಳೆ ಮುದ್ರೆ ಸೇರಿ 3 ಪೌಂಡು 6 ಔನ್ಸು. ಒಟ್ಟು 54 ಔನ್ಸು, 23,625 ಗ್ರೇನ್. ತೊಲೆಗೆ ತಿರುಗಿಸಿದರೆ 131.25 ತೊಲೆ. ಗ್ರಾಂಗೆ ತಿರುಗಿಸಿದರೆ 1530.87, ಅಂದರೆ 1.531 ಕಿಲೋ. ಮೂರೂ ಒಂದೇ ತೂಕ.

ಈಗ ಎಡವುವ ಜಾಗಗಳು. ಮೊದಲನೆಯದು, 3 ಪೌಂಡು 6 ಔನ್ಸನ್ನು 3.6 ಪೌಂಡು ಅಂತ ಓದುವುದು. ದಶಮಾಂಶಕ್ಕೆ ಒಗ್ಗಿದ ಕಣ್ಣಿಗೆ ಇದು ಬಹಳ ಸಹಜ. ಆದರೆ ಪೌಂಡಿಗೆ ಹತ್ತಲ್ಲ, ಹದಿನಾರು ಔನ್ಸು. 3.6 ಪೌಂಡು ಅಂದರೆ 1.633 ಕಿಲೋ, ನೂರಾ ಎರಡು ಗ್ರಾಂ ಹೆಚ್ಚು. ಈ ಅಂಕೆ ನಂಬಿ ಇವತ್ತು ತಗಡುಗಳನ್ನು ತೂಗಿದರೆ ನೂರು ಗ್ರಾಂ ‘ಕಾಣೆ’ಯಾಗಿರುತ್ತದೆ. ಒಂದು ಸಣ್ಣ ಬಳೆಯಷ್ಟು ತೂಕ ಅದು, ಅನುಮಾನ ಬರುವುದಕ್ಕೆ ಧಾರಾಳ ಸಾಕು.

ಎರಡನೆಯದು, ಇಂದಿನ ಚಿನಿವಾರ ಪೇಟೆಯ ಅಭ್ಯಾಸವನ್ನು ಹಳೆಯ ವರದಿಗೆ ಹಚ್ಚುವುದು. ಈಗ ಎಷ್ಟೋ ಕಡೆ ತೊಲೆ ಅಂದರೆ ಮಾತಿನಲ್ಲಿ 10 ಗ್ರಾಂ ಆಗಿಬಿಟ್ಟಿದೆ. ಕರಾವಳಿಯ ಪವನ್ ಕೂಡ ಹಾಗೆಯೇ: ಮೂಲದ ಸಾವರಿನ್ ನಾಣ್ಯ 7.988 ಗ್ರಾಂ, ಬಾಯಿಲೆಕ್ಕದಲ್ಲಿ 8. ಒಂದು ಸರಕ್ಕೆ ಇದು ನಡೆಯುತ್ತದೆ. 131.25 ತೊಲೆಯನ್ನು ಹತ್ತರಿಂದ ಗುಣಿಸಿದರೆ 1312.5 ಗ್ರಾಂ ಬರುತ್ತದೆ, 218 ಗ್ರಾಂ ಖೋತಾ. ಈ ಅಂಕೆಯನ್ನು ನಂಬಿದವರು ಇವತ್ತು ತೂಗಿ 1.5 ಕಿಲೋ ಕಂಡರೆ, ಬೇರೆ ಯಾವುದೋ ತಗಡು ಸೇರಿಕೊಂಡಿದೆ ಅಂದುಕೊಂಡಾರು.

ಮೂರನೆಯದು ಅಚ್ಚಿನ ಗುರುತು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಜಿಆರ್’ ಎಂಬೆರಡು ಅಕ್ಷರ ಕಂಡರೆ ಅದು ಬಹುಮಟ್ಟಿಗೆ ಗ್ರೇನ್, ಗ್ರಾಂ ಅಲ್ಲ. ಎರಡರ ನಡುವೆ ಹದಿನೈದೂವರೆ ಪಟ್ಟು ಅಂತರ. ವಾಲ್ಟರ್ ಎಲಿಯಟ್ 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಬರೆದ ಪುಸ್ತಕವನ್ನು ಓದುವಾಗ ಇದನ್ನು ಮರೆಯಬಾರದು. ವರಾಹದ ತೂಕ ಸುಮಾರು 52 ಎಂದಿದ್ದರೆ ಅದು 52 ಗ್ರೇನ್, ಸುಮಾರು 3.4 ಗ್ರಾಂ. ನಾಣ್ಯಕ್ಕೆ 52 ಗ್ರಾಂ ಎಂದರೆ ಓದುಗರೇ ನಗುತ್ತಾರೆ, ತಪ್ಪು ಸಿಕ್ಕಿಬೀಳುತ್ತದೆ. ಒಂದು ಚಿಕ್ಕ ಮುದ್ರೆಯ ತೂಕದಲ್ಲಿ ಹೀಗಾದರೆ ಸಿಕ್ಕಿಬೀಳುವುದಿಲ್ಲ.

ಊರಿನ ಹೆಸರಿಲ್ಲದ ಮಣ

ತಾಮ್ರಪಟದ ತೂಕ ಪೌಂಡಿನಲ್ಲೋ ತೊಲೆಯಲ್ಲೋ ಇದ್ದರೆ ನಾವು ಪಾರು. ಸೇರು, ಮಣ, ಖಂಡಿ ಬಂದರೆ ಊರು ಕೇಳಬೇಕು. ಕಾಯಿದೆಯ ಮಣ 82 ಪೌಂಡು ಚಿಲ್ಲರೆ. ಮದರಾಸಿನ ಮಣ 25 ಪೌಂಡು, 11.34 ಕಿಲೋ. ಮುಂಬಯಿಯ ಮಣ 28 ಪೌಂಡು, 12.70 ಕಿಲೋ. ನಮ್ಮ ಹಳೆ ಮೈಸೂರಿನ ಕಚ್ಚಾ ಸೇರು 24 ತೊಲೆ, ಅಂಥ 40 ಸೇರಿನ ಮಣ 960 ತೊಲೆ, ಸುಮಾರು 11.2 ಕಿಲೋ. ಅಡಿಕೆ ಬೆಲ್ಲದ ವ್ಯಾಪಾರ ನೋಡಿದ ಹಿರಿಯರ ಬಾಯಲ್ಲಿ ಬರುವ ಮಣ ಇದು, ಕಾಯಿದೆಯ 37 ಕಿಲೋ ಅಲ್ಲ.

ಖಂಡಿಯ ಕಥೆ ಇನ್ನೂ ಸೊಗಸು. ಮದರಾಸಿನ ಖಂಡಿ 20 ಮಣ, 500 ಪೌಂಡು, 226.8 ಕಿಲೋ. ಮುಂಬಯಿಯ ಖಂಡಿಯೂ 20 ಮಣವೇ, ಆದರೆ 560 ಪೌಂಡು, 254 ಕಿಲೋ. ಮುಂಬಯಿಯಲ್ಲೇ ಹತ್ತಿಗೆ ಬೇರೆ ಖಂಡಿ: 28 ಮಣ, 784 ಪೌಂಡು. ಇವತ್ತಿಗೂ ಹತ್ತಿಯ ಧಾರಣೆಯಲ್ಲಿ ‘ಕ್ಯಾಂಡಿಗೆ ಇಷ್ಟು’ ಅಂತ ಕೇಳುತ್ತೇವಲ್ಲ, ಅದು ಇದೇ, 355.62 ಕಿಲೋ. ಮೆಟ್ರಿಕ್ ಬಂದು ಅರವತ್ತು ವರ್ಷ ದಾಟಿದರೂ ಈ ಅಂಕೆ ಹೀಗೆ ವಕ್ರವಾಗಿ ಉಳಿದಿರುವುದು, ಒಳಗೆ ಕೂತಿರುವ 784 ಪೌಂಡಿನ ದೆಸೆಯಿಂದ.

ಇದೇ ಖಂಡಿಯ ಸೋದರ ನಮ್ಮ ಶಾಸನಗಳ ಖಂಡುಗ. ಆದರೆ ಅದು ತೂಕವೇ ಅಲ್ಲ. ಮಾನ, ಸೊಲ್ಲಗೆ, ಬಳ್ಳ, ಕೊಳಗ, ಖಂಡುಗ ಇವೆಲ್ಲ ಅಳೆಯುವ ಪಾತ್ರೆಗಳು. ಅಷ್ಟೇ ಅಲ್ಲ, ‘ಖಂಡುಗ ಗದ್ದೆ’ ಎಂದಾಗ ಅಷ್ಟು ಬೀಜ ಬೀಳುವ ನೆಲ ಅಂತ ಅರ್ಥ. ಒಂದು ಕೊಳಗ ಭತ್ತಕ್ಕೂ ಒಂದು ಕೊಳಗ ಅಕ್ಕಿಗೂ ತೂಕ ಬೇರೆ. ಹೀಗಿರುವಾಗ ಖಂಡುಗಕ್ಕೆ ನೇರವಾಗಿ ಇಷ್ಟು ಕಿಲೋ ಎಂದು ಟಿಪ್ಪಣಿ ಹಾಕುವುದು ಎರಡು ಹೊಳೆಗಳನ್ನು ಒಂದೇ ಹಾರಿಗೆ ದಾಟಿದಂತೆ.

ತಗಡಿನ ತೂಕ, ಪಾಠದೊಳಗಿನ ತೂಕ

ಇಲ್ಲಿಗೆ ಬಂದಾಗ ಒಂದು ಗೆರೆ ಎಳೆಯಬೇಕಾಗುತ್ತದೆ. ತಗಡು ಎಷ್ಟು ತೂಗುತ್ತದೆ ಎನ್ನುವುದು ಒಂದು ಮಾತು. ತಗಡಿನ ಮೇಲೆ, ಕಲ್ಲಿನ ಮೇಲೆ ಕೆತ್ತಿರುವ ತೂಕ ಬೇರೆ ಮಾತು. ಮೊದಲನೆಯದಕ್ಕೆ ವಸ್ತು ಕಣ್ಣೆದುರಿಗೆ ಇದೆ, ಏಕಮಾನಕ್ಕೆ ಕಾನೂನಿನ ವ್ಯಾಖ್ಯೆ ಇದೆ. ಎರಡನೆಯದಕ್ಕೆ ಎರಡೂ ಇಲ್ಲ.

ಗುಲಗಂಜಿಯನ್ನೇ ತೆಗೆದುಕೊಳ್ಳಿ. ಹಳೆಯ ತೂಕಗಳೆಲ್ಲ ಇಳಿದು ಬಂದು ನಿಲ್ಲುವುದು ಈ ಕೆಂಪು ಬೀಜದ ಮೇಲೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಚಿನ್ನದ ಕೋಷ್ಟಕ ಹೀಗಿದೆ: 5 ಗುಂಜಿ ಒಂದು ಪಣ, 8 ಪಣ ಒಂದು ಧರಣ, 2 ಧರಣ ಒಂದು ಕರ್ಷ. ಅಂದರೆ ಧರಣಕ್ಕೆ 40 ಗುಂಜಿ. ಮುನ್ನೂರು ವರ್ಷದ ನಂತರ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ 3 ಗುಂಜಿ ಒಂದು ವಲ್ಲ, 8 ವಲ್ಲ ಒಂದು ಧರಣ, 2 ಧರಣ ಒಂದು ಗದ್ಯಾಣಕ. ಇಲ್ಲಿ ಧರಣಕ್ಕೆ 24 ಗುಂಜಿ. ಹೆಸರು ಒಂದೇ, ತೂಕ ಒಂದೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಸರಿ, ಗುಂಜಿ ಎಷ್ಟು ಗ್ರೇನ್? ಎಡ್ವರ್ಡ್ ಥಾಮಸ್ 1.75 ಎಂದು ಹಿಡಿದರು. ಕನ್ನಿಂಗ್‌ಹ್ಯಾಮ್ 1.83 ಎಂದರು. ಪೇಟೆಯ ಕೋಷ್ಟಕಗಳಲ್ಲಿ 1.875 ಸಿಗುತ್ತದೆ. ಈ ಕೊನೆಯದು ಎಲ್ಲಿಂದ ಬಂತು ಎಂದು ನೋಡಿದರೆ ಉತ್ತರ ಸರಳ: ತೊಲೆಗೆ 96 ರತ್ತಿ, 180ನ್ನು 96ರಿಂದ ಭಾಗಿಸಿದರೆ 1.875. ಅಂದರೆ ಗುಲಗಂಜಿಗೆ 121.5 ಮಿಲಿಗ್ರಾಂ ಎಂದು ಬರೆದಾಗ ನಾವು ಹೇಳುತ್ತಿರುವುದು ಬೀಜದ ತೂಕವಲ್ಲ, 1833ರ ತೊಲೆಯ ತೊಂಬತ್ತಾರನೆಯ ಒಂದು ಭಾಗ. ಕಲ್ಯಾಣದ ಚಾಲುಕ್ಯರ ಚಿನ್ನವನ್ನು ಕಂಪನಿ ಸರ್ಕಾರದ ತಕ್ಕಡಿಯಲ್ಲಿ ತೂಗಿದ ಹಾಗಾಯಿತು.

ಈಗ ‘ಲೀಲಾವತಿ’ಯ 48 ಗುಂಜಿಯ ಗದ್ಯಾಣವನ್ನು ಈ ಮೂರೂ ಬೆಲೆಗಳಿಂದ ಗುಣಿಸಿ ನೋಡಿ. 5.44 ಗ್ರಾಂ, 5.69 ಗ್ರಾಂ, 5.83 ಗ್ರಾಂ. ಗದ್ಯಾಣಗಳೆಂದು ಗುರುತಿಸುವ ಚಿನ್ನದ ನಾಣ್ಯಗಳನ್ನು ಕೈಯಲ್ಲಿ ಹಿಡಿದರೆ ಬಹುಪಾಲು ಮೂರೂವರೆಯಿಂದ ನಾಲ್ಕೂವರೆ ಗ್ರಾಂ. ಪುಸ್ತಕದ ಗದ್ಯಾಣವೇ ಬೇರೆ, ಚೀಲದ ಗದ್ಯಾಣವೇ ಬೇರೆ. ನಂದಾದೀವಿಗೆಗೆ ಹತ್ತು ಗದ್ಯಾಣ ಬಿಟ್ಟರೆಂಬ ಶಾಸನಕ್ಕೆ ‘ಅಂದರೆ 56.92 ಗ್ರಾಂ ಚಿನ್ನ’ ಎಂದು ಟಿಪ್ಪಣಿ ಬರೆದರೆ ಓದುವವರಿಗೆ ಏನನ್ನಿಸುತ್ತದೆ? ಎರಡು ದಶಮಾಂಶ ಸ್ಥಾನದವರೆಗೆ ತೂಗಿಯೇ ಹೇಳಿದ್ದಾರೆ ಅನ್ನಿಸುತ್ತದೆ. ನಿಜದಲ್ಲಿ ಆ ದತ್ತಿ 35 ಗ್ರಾಂ ಆಗಿರಬಹುದು, 58 ಆಗಿರಬಹುದು. ಗ್ರೇನಿನಿಂದ ಗ್ರಾಂಗೆ ಬರುವ ಕೊನೆಯ ಮೆಟ್ಟಿಲು ಖಚಿತ ಎಂಬ ಕಾರಣಕ್ಕೆ ಇಡೀ ಏಣಿಯೇ ಖಚಿತ ಎಂಬ ಭ್ರಮೆ ಹುಟ್ಟುತ್ತದೆ. ನನ್ನ ತಕರಾರು ಇಷ್ಟೇ.

ಆ ದತ್ತಿಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂಬುದನ್ನೂ ಮರೆಯಬಾರದು. ಆ ಹೊನ್ನಿನ ಬಡ್ಡಿಯಲ್ಲಿ ಎಣ್ಣೆ ತಂದು ದೀಪ ಉರಿಸಬೇಕು ಎನ್ನುವುದು ಅವನ ಆಸೆ. ಅವನು ಶ್ರೀಮಂತನೋ ಸಾಮಾನ್ಯನೋ, ಆ ಊರಿನ ದೇವಾಲಯಕ್ಕೆ ಅದು ದೊಡ್ಡ ದತ್ತಿಯೋ ಸಣ್ಣದೋ ಎಂದು ನಾವು ತೀರ್ಮಾನ ಮಾಡುವುದು ಈ ಅಂಕೆಯ ಮೇಲೆ. ಅರ್ಧಕ್ಕರ್ಧ ಏರುಪೇರಾಗುವ ಅಂಕೆಯ ಮೇಲೆ ಇತಿಹಾಸ ಕಟ್ಟಿದರೆ ಆ ದಾನಿಗೂ ನ್ಯಾಯವಾಗುವುದಿಲ್ಲ.

ಕಲ್ಲಿಗೂ ಒಂದು ಹೆಸರು

ಶಾಸನ ಬರೆಸಿದವರಿಗೆ ಈ ತೊಡಕು ಗೊತ್ತಿತ್ತು. ಅವರು ಅದಕ್ಕೆ ಪರಿಹಾರವನ್ನೂ ಕಂಡುಕೊಂಡಿದ್ದರು: ಯಾವ ಕಲ್ಲಿನಿಂದ ತೂಗಿದ್ದು ಎಂದು ಬರೆದುಬಿಡುವುದು. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ರಾಜರಾಜ ಚೋಳ ಕೊಟ್ಟ ಚಿನ್ನದ ವಸ್ತುಗಳ ಪಟ್ಟಿ ಇದೆ. ಹುಲ್ಟ್‌ಶ್ ಅದನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಎರಡನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಲ್ಲಿ ಕಳಂಜು, ಮಂಜಾಡಿ, ಕುನ್ರಿ ಎಂದು ತೂಕ ಬರುತ್ತದೆ. ಕಳಂಜಿಗೆ 20 ಮಂಜಾಡಿ, ಮಂಜಾಡಿಗೆ 2 ಕುನ್ರಿ, ಕುನ್ರಿ ಅಂದರೆ ನಮ್ಮ ಗುಲಗಂಜಿಯೇ. ಜೊತೆಗೆ ಚಿನ್ನವನ್ನು ‘ಆಡವಲ್ಲಾನ್’ ಎಂಬ ಕಲ್ಲಿನಿಂದ ತೂಗಲಾಯಿತು ಎಂದೂ ಬರೆದಿದೆ. ರತ್ನಗಳಿಗೆ ‘ದಕ್ಷಿಣಮೇರು ವಿಟಂಕನ್’ ಎಂಬ ಬೇರೆ ಕಲ್ಲು. ದೇವರ ಹೆಸರಿನ ಬೊಟ್ಟು. ನಾಳೆ ಯಾರಾದರೂ ಕಳಂಜಿನ ಬಗ್ಗೆ ಜಗಳ ತೆಗೆದರೆ ಆ ಕಲ್ಲನ್ನು ತಂದು ತಕ್ಕಡಿಗೆ ಇಟ್ಟರಾಯಿತು.

ನಮ್ಮ ಕನ್ನಡ ಶಾಸನಗಳ ‘ಲೊಕ್ಕಿಗದ್ಯಾಣ’ ಕೂಡ ಇದೇ ಜಾತಿಯ ಎಚ್ಚರ. ಬರೀ ಗದ್ಯಾಣ ಅಲ್ಲ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯ ಗದ್ಯಾಣ. ಸಂಖ್ಯೆಯ ಹಿಂದೆ ಊರನ್ನೂ ಕಟ್ಟಿಹಾಕಿದ್ದಾರೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಬೊಟ್ಟುಗಳು ಕಬ್ಬಿಣದವಾಗಿರಲಿ, ಇಲ್ಲವೇ ಮಗಧ ಮೇಕಲಗಳ ಕಲ್ಲಿನವಾಗಿರಲಿ, ನೀರಿಗೆ ಹಿಗ್ಗಬಾರದು, ಬಿಸಿಗೆ ಕುಗ್ಗಬಾರದು ಎಂದು ಹೇಳುವುದರ ಹಿಂದೆಯೂ ಇದೇ ಕಾಳಜಿ ಇದೆ.

ಇದನ್ನೆಲ್ಲ ನೋಡಿ ನಾನು ಇಟ್ಟುಕೊಂಡಿರುವ ಪದ್ಧತಿ ಹೀಗಿದೆ. ಬೇಕಾದವರು ಬಳಸಬಹುದು. ತಗಡಿನ ತೂಕವನ್ನು ಮೊದಲ ಸಂಪಾದಕರು ಕೊಟ್ಟ ಏಕಮಾನದಲ್ಲೇ ಬರೆದು, ಪಕ್ಕದಲ್ಲಿ ಗ್ರಾಂ ಕೊಡುತ್ತೇನೆ. ಬಳೆ, ಮುದ್ರೆ ಸೇರಿದೆಯೋ ಇಲ್ಲವೋ ಹೇಳುತ್ತೇನೆ. ಮೂಲದ ತೂಕ ಅರ್ಧ ಔನ್ಸಿನವರೆಗೆ ಮಾತ್ರ ಇದ್ದರೆ, ಅಂದರೆ 14 ಗ್ರಾಂವರೆಗೆ, ನನ್ನ ಗ್ರಾಂ ಲೆಕ್ಕಕ್ಕೆ ದಶಮಾಂಶ ಹಚ್ಚುವುದಿಲ್ಲ. ಸೇರು, ಮಣ, ಖಂಡಿಗಳ ಜೊತೆ ಊರು ಮತ್ತು ಕಾಲ ಇಲ್ಲದೆ ಪರಿವರ್ತನೆ ಮಾಡುವುದಿಲ್ಲ. ಪಾಠದೊಳಗಿನ ಗದ್ಯಾಣ, ಪಣ, ಹಾಗ, ವೀಸಗಳನ್ನು ಹಾಗೆಯೇ ಬಿಡುತ್ತೇನೆ. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಅನುವಾದಗಳಲ್ಲಿ ಮಾಡಿದ್ದೂ ಇದನ್ನೇ. ಗ್ರಾಂ ಬೇಕೇ ಬೇಕು ಎಂದರೆ ‘ಗುಂಜಿಗೆ ಇಷ್ಟು ಎಂದು ಹಿಡಿದರೆ’ ಎಂಬ ಷರತ್ತಿನೊಂದಿಗೆ, ಇಷ್ಟರಿಂದ ಇಷ್ಟರವರೆಗೆ ಎಂದು ಕೊಡುತ್ತೇನೆ.

ನೀವು ಮುಂದಿನ ಸಲ ಯಾವುದಾದರೂ ತಾಮ್ರಪಟದ ಸಂಪಾದನೆ ತೆರೆದಾಗ ಆ ಮೊದಲ ಪ್ಯಾರಾದಲ್ಲಿ ಒಂದು ನಿಮಿಷ ನಿಲ್ಲಿ. ತೊಲೆ ಇದ್ದರೆ 11.66ರಿಂದ ಗುಣಿಸಿ. ಪೌಂಡು ಔನ್ಸು ಇದ್ದರೆ ಪೌಂಡನ್ನು 16ರಿಂದ ಗುಣಿಸಿ, ಔನ್ಸು ಕೂಡಿಸಿ, ಬಂದದ್ದನ್ನು 28.35ರಿಂದ ಗುಣಿಸಿ. ಅದೇ ಶಾಸನ ಇವತ್ತು ಯಾವುದಾದರೂ ಸಂಗ್ರಹದಲ್ಲಿದ್ದು ಅವರ ನೋಂದಣಿ ಪುಸ್ತಕದಲ್ಲಿ ತೂಕ ಬರೆದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಇದ್ದರೆ ಅದು ಕಿಲುಬು ಮತ್ತು ತಕ್ಕಡಿಯ ಲೆಕ್ಕ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಸಂಗ್ರಹದವರಿಗೆ ಒಂದು ಪತ್ರ ಬರೆಯುವುದು ಒಳ್ಳೆಯದು.